ನರಮೇಧದ ಪಾಠ: ಸರ್ಕಾರದ ಹಣ ಶಿಕ್ಷಕರಿಗೋ, ವಿದ್ಯಾರ್ಥಿಗಳ ಪ್ರವಾಸಕ್ಕೋ?

ನಾಜಿಗಳು ನಡೆಸಿದ ಯಹೂದಿಗಳ ನರಮೇಧವನ್ನು (ಹಾಲೊಕಾಸ್ಟ್) ಶಾಲೆಗಳಲ್ಲಿ ಕಲಿಸಲು ಸರ್ಕಾರದ ಹಣವನ್ನು ಹೇಗೆ ಬಳಸಬೇಕೆಂದು ನಿರ್ಧರಿಸುವವರ ಮುಂದೆ ಎರಡು ಮಾದರಿಗಳಿವೆ.

ಅಮೆರಿಕದಲ್ಲಿ ಪಠ್ಯಕ್ರಮ ರಾಜ್ಯಗಳ ಕೈಯಲ್ಲಿದೆ. ಹಾಗಾಗಿ 2020ರ ‘ನೆವರ್ ಅಗೇನ್ ಎಜುಕೇಷನ್ ಆ್ಯಕ್ಟ್’ ಯಾವ ಪಾಠವನ್ನೂ ಕಡ್ಡಾಯ ಮಾಡಲಿಲ್ಲ. ವಾಷಿಂಗ್ಟನ್ನಿನ ಹಾಲೊಕಾಸ್ಟ್ ವಸ್ತುಸಂಗ್ರಹಾಲಯದ ಮೂಲಕ ಶಿಕ್ಷಕರ ತರಬೇತಿಗೆ, ಬೋಧನಾ ಸಾಮಗ್ರಿಗೆ ವರ್ಷಕ್ಕೆ 20 ಲಕ್ಷ ಡಾಲರಿನಂತೆ ಐದು ವರ್ಷ ಕೊಡಲು ಒಪ್ಪಿಗೆ ನೀಡಿತು. ಅಷ್ಟು ದೊಡ್ಡ ದೇಶಕ್ಕೆ ಇದು ತೀರಾ ಕಡಿಮೆ ಎಂದೇ ನನ್ನ ಅನಿಸಿಕೆ.

ಬ್ರಿಟನ್ನಿನ ‘ಲೆಸನ್ಸ್ ಫ್ರಮ್ ಆಶ್ವಿಟ್ಜ್’ ಯೋಜನೆಯ ರೀತಿಯೇ ಬೇರೆ. ಸರ್ಕಾರದ ನೆರವಿನಿಂದ ಶಾಲೆಗೆ ಇಬ್ಬರಂತೆ ಹಿರಿಯ ವಿದ್ಯಾರ್ಥಿಗಳು ಒಂದು ದಿನದ ಮಟ್ಟಿಗೆ ಪೋಲೆಂಡಿನಲ್ಲಿರುವ ಆಶ್ವಿಟ್ಜ್ ಎಂಬ ನಾಜಿ ಹತ್ಯಾ ಶಿಬಿರಕ್ಕೆ ಹೋಗಿ ಬರುತ್ತಾರೆ. ಕೊಲೆಯಾದವರ ಸೂಟ್‌ಕೇಸ್‌ಗಳು ಅಲ್ಲಿ ರಾಶಿ ಬಿದ್ದಿವೆ. ಮರಳಿ ಸಿಗಲೆಂದು ಹಲವರು ತಮ್ಮ ಕೈಯಾರೆ ಅವುಗಳ ಮೇಲೆ ಹೆಸರು ಬರೆದಿದ್ದರು. ಅದನ್ನು ಕಂಡ ಮಕ್ಕಳು ಹಿಂದಿರುಗಿ ಸಹಪಾಠಿಗಳಿಗೆ ತಿಳಿಸಬೇಕು. ಆದರೆ ಉಳಿದವರು ಕೇಳಿಯಷ್ಟೇ ತಿಳಿಯಬೇಕು. ಇಂಗ್ಲೆಂಡಿನಲ್ಲಿ 1991ರಿಂದಲೇ ಈ ವಿಷಯ ರಾಷ್ಟ್ರೀಯ ಪಠ್ಯಕ್ರಮದಲ್ಲಿರುವುದರಿಂದ ಪ್ರವಾಸಕ್ಕೆ ಗಟ್ಟಿ ತಳಹದಿಯಿದೆ.

ಪಠ್ಯಕ್ರಮದಲ್ಲಿ ವಿಷಯವೇ ಇಲ್ಲದ ಕಡೆ ನಾನು ಮೊದಲು ಶಿಕ್ಷಕರಿಗೇ ಹಣ ಕೊಡುತ್ತೇನೆ. ತಯಾರಿಯಿಲ್ಲದ ಶಿಕ್ಷಕರು ಈ ಪಾಠವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಪ್ರವಾಸದ ಖರ್ಚು ಆಮೇಲಿನ ಮಾತು.