ಹಿರಿಯ ನಾಗರಿಕರ ಉಳಿತಾಯ ಯೋಜನೆ: ಇಡುಗಂಟಿನಿಂದ ಮೂರು ತಿಂಗಳಿಗೊಂದು ಸಂಬಳ

ಏಜೆಂಟರು ಮನೆ ಬಾಗಿಲಿಗೆ ಬಂದು ಹೇಳುವ ಯೋಜನೆ ಇದಲ್ಲ. ಇದರ ಮೇಲಿನ ಏಜೆಂಟ್ ಕಮಿಷನ್ 2011ರ ಡಿಸೆಂಬರ್‌ನಲ್ಲೇ ನಿಂತುಹೋಯಿತು. ಆಮೇಲೆ ಇದರ ಬಗ್ಗೆ ಮಾತಾಡುವ ಉಮೇದು ಯಾರಿಗೂ ಉಳಿದಿಲ್ಲ. ಗ್ರ್ಯಾಚುಟಿ ದುಡ್ಡು ಖಾತೆಗೆ ಬಿದ್ದ ವಾರದಲ್ಲಿ ಬರುವ ಫೋನುಗಳೆಲ್ಲ ವಿಮೆ ಪಾಲಿಸಿಯವು, ಇಲ್ಲವೇ ಊರಾಚೆಯ ಸೈಟಿನವು. ಇದನ್ನು ಮಾತ್ರ ನಾವೇ ಹೋಗಿ ಕೇಳಬೇಕು. ಅಂಚೆ ಕಚೇರಿಯಲ್ಲೂ ಸಿಗುತ್ತದೆ, ಸ್ಟೇಟ್ ಬ್ಯಾಂಕ್, ಕೆನರಾದಂಥ ಬ್ಯಾಂಕುಗಳಲ್ಲೂ ಸಿಗುತ್ತದೆ. ಎಲ್ಲಿ ಇಟ್ಟರೂ ಬಡ್ಡಿ ಒಂದೇ, ನಿಯಮ ಒಂದೇ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಎಲ್ಲಿ ಹೋಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಲೆಕ್ಕ ಹೀಗಿದೆ. 60 ತುಂಬಿದವರು ಕನಿಷ್ಠ 1,000 ರೂಪಾಯಿಯಿಂದ ಗರಿಷ್ಠ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ಗೆ ಮೊದಲು ಮಿತಿ 15 ಲಕ್ಷವಿತ್ತು. 55ರಿಂದ 60ರ ನಡುವೆ ನಿವೃತ್ತರಾದವರಿಗೂ ಅವಕಾಶವಿದೆ, ಆದರೆ ನಿವೃತ್ತಿಯ ದುಡ್ಡು ಕೈಸೇರಿದ ಮೂರು ತಿಂಗಳೊಳಗೆ ಇಡಬೇಕು ಮತ್ತು ಕೆಲಸ ಮಾಡಿದ ಕಡೆಯಿಂದ ಪ್ರಮಾಣಪತ್ರ ತರಬೇಕು. ಅವಧಿ ಐದು ವರ್ಷ. ಬಡ್ಡಿ 2023ರ ಏಪ್ರಿಲ್‌ನಿಂದ ವರ್ಷಕ್ಕೆ ಶೇ. 8.2 ಆಯಿತು, 2025ರ ಉದ್ದಕ್ಕೂ ಹಾಗೇ ಇತ್ತು. ಅಂದರೆ 10 ಲಕ್ಷಕ್ಕೆ ಮೂರು ತಿಂಗಳಿಗೆ 20,500 ರೂಪಾಯಿ, 30 ಲಕ್ಷಕ್ಕೆ 61,500. ಸರ್ಕಾರ ಪ್ರತಿ ತ್ರೈಮಾಸಿಕಕ್ಕೆ ದರ ಪ್ರಕಟಿಸುತ್ತದೆ ನಿಜ, ಆದರೆ ನೀವು ಇಟ್ಟ ದಿನದ ದರ ಐದು ವರ್ಷಕ್ಕೂ ನಿಮ್ಮದೇ. 2020ರ ಏಪ್ರಿಲ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಇಟ್ಟವರು ಶೇ. 7.4ಕ್ಕೆ ಸಿಕ್ಕಿಹಾಕಿಕೊಂಡರು. ದರ ಏರಿದಾಗ ಅವರ ಬಡ್ಡಿ ಏರಲಿಲ್ಲ. ಇಳಿಯುವ ಕಾಲ ಬಂದರೆ ಇದೇ ನಿಯಮ ಕಾಪಾಡುತ್ತದೆ.

ಇದು ಯಾರಿಗಾಗಿ? ಪೂರ್ತಿ ಪಿಂಚಣಿ ಬರುವ ಸರ್ಕಾರಿ ನೌಕರರಿಗಿಂತ ಹೆಚ್ಚಾಗಿ ಸಾರಿಗೆ ಸಂಸ್ಥೆ, ಕಾರ್ಖಾನೆ, ಗಾರ್ಮೆಂಟ್ಸ್, ಖಾಸಗಿ ಶಾಲೆಗಳಿಂದ ನಿವೃತ್ತರಾದವರಿಗೆ. ಅವರಿಗೆ ಪಿಎಫ್ ಕಚೇರಿಯಿಂದ ಬರುವ ಇಪಿಎಸ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದಲೂ 1,000 ರೂಪಾಯಿ. ಅದರಲ್ಲಿ ಬಿಪಿ, ಶುಗರ್ ಮಾತ್ರೆಯೂ ಹುಟ್ಟುವುದಿಲ್ಲ. ಅವರ ಪಿಎಫ್ ಮತ್ತು ಗ್ರ್ಯಾಚುಟಿಯೇ ಪಿಂಚಣಿಯ ಕೆಲಸ ಮಾಡಬೇಕು.

ಈಗ ಬಡ್ಡಿಯ ದಿನಾಂಕದ ವಿಷಯ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಬಡ್ಡಿ ಬರುವುದು ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಜನವರಿ 1ಕ್ಕೆ. ಖಾತೆಯನ್ನು ಯಾವ ತಿಂಗಳು ತೆರೆದಿದ್ದರೂ ಅಷ್ಟೇ. ಮೂರು ಖಾತೆಗಳನ್ನು ಮೂರು ಬೇರೆ ತಿಂಗಳಲ್ಲಿ ತೆರೆದರೆ ತಿಂಗಳಿಗೊಂದು ಬಡ್ಡಿ ಬರುತ್ತದೆ ಎಂಬ ಉಪಾಯ ಎಫ್‌ಡಿಯಲ್ಲಿ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ಮೊದಲ ಕಂತು ತುಂಡು ಕಂತು. ಆಗಸ್ಟ್ 20ಕ್ಕೆ 10 ಲಕ್ಷ ಇಟ್ಟರೆ ಅಕ್ಟೋಬರ್ 1ಕ್ಕೆ 42 ದಿನದ ಬಡ್ಡಿ, ಸುಮಾರು 9,400 ಮಾತ್ರ ಬರುತ್ತದೆ. ಕಡಿಮೆ ಬಂತೆಂದು ಕೌಂಟರಿನಲ್ಲಿ ಜಗಳವಾಡಬೇಕಿಲ್ಲ, ಜನವರಿಗೆ ಪೂರ್ತಿ 20,500 ಬರುತ್ತದೆ.

ಹಾಲು, ತರಕಾರಿ, ಕರೆಂಟ್ ಬಿಲ್ ಮಾತ್ರ ತಿಂಗಳ ಲೆಕ್ಕದವು. ಮೂರು ತಿಂಗಳ ದುಡ್ಡು ಒಟ್ಟಿಗೆ ಬಂದರೆ ಮೊದಲ ತಿಂಗಳು ಮೊಮ್ಮಗನ ಹುಟ್ಟುಹಬ್ಬ, ಎರಡನೆಯದರಲ್ಲಿ ನೆಂಟರ ಮದುವೆ, ಮೂರನೆಯದರಲ್ಲಿ ಮಗನ ಹತ್ತಿರ ಕೇಳುವ ಪರಿಸ್ಥಿತಿ. ಮನೆಯ ಮುನಿಸಿನಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತದೆ. ಪರಿಹಾರಕ್ಕೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯನ್ನು ಜೊತೆಗೆ ಇಟ್ಟುಕೊಳ್ಳಬಹುದು. ಅದರ ಬಡ್ಡಿ ಶೇ. 7.4, ಮಿತಿ ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ. ಕೈಯಲ್ಲಿ 30 ಲಕ್ಷ ಇದ್ದರೆ 20 ಲಕ್ಷ ಇದರಲ್ಲಿ, 9 ಲಕ್ಷ ಮಾಸಿಕ ಯೋಜನೆಯಲ್ಲಿ, 1 ಲಕ್ಷ ಉಳಿತಾಯ ಖಾತೆಯಲ್ಲಿ. ತಿಂಗಳಿಗೆ 5,550, ಮೂರು ತಿಂಗಳಿಗೆ 41,000. ತಿಂಗಳ ದುಡ್ಡಿನಲ್ಲಿ ದಿನಸಿ ಮತ್ತು ಔಷಧಿ, ತ್ರೈಮಾಸಿಕ ದುಡ್ಡಿನಲ್ಲಿ ಆರೋಗ್ಯ ವಿಮೆಯ ಪ್ರೀಮಿಯಂ, ಮನೆ ಕಂದಾಯ, ಹಬ್ಬ. ಶೇ. 0.8ರಷ್ಟು ಬಡ್ಡಿ ಬಿಡುವುದಕ್ಕೆ ಮನಸ್ಸಿಲ್ಲದವರು ಎಲ್ಲವನ್ನೂ ಇದರಲ್ಲೇ ಇಟ್ಟು, ಬಂದ ಬಡ್ಡಿಯನ್ನು ಮೂರು ಪಾಲು ಮಾಡಿ ತೆಗೆಯಬಹುದು. ಕೈ ಬಿಗಿ ಇರಬೇಕು ಅಷ್ಟೇ.

ಖಾತೆ ತೆರೆಯುವಾಗ ಎಲ್ಲವನ್ನೂ ಒಂದೇ ಖಾತೆಗೆ ಹಾಕಬೇಡಿ. ನಡುವೆ ಸ್ವಲ್ಪ ತೆಗೆಯುತ್ತೇನೆ ಎಂದರೆ ಆಗುವುದಿಲ್ಲ, ತೆಗೆದರೆ ಇಡೀ ಖಾತೆಯನ್ನೇ ಮುಚ್ಚಬೇಕು. ವರ್ಷ ತುಂಬಿ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ. 1.5 ಕಡಿತ, ಎರಡು ವರ್ಷದ ನಂತರವಾದರೆ ಶೇ. 1. 10 ಲಕ್ಷದ ಒಂದೇ ಖಾತೆಯನ್ನು ಮೂರನೇ ವರ್ಷ ಒಡೆದರೆ 10,000 ಹೋಗುತ್ತದೆ. ಅದೇ ಹಣ 4, 3, 2, 1 ಲಕ್ಷದ ನಾಲ್ಕು ಖಾತೆಗಳಲ್ಲಿದ್ದರೆ, ಕಣ್ಣಿನ ಪೊರೆ ಆಪರೇಷನ್ನಿಗೆ 1 ಲಕ್ಷದ್ದನ್ನು ಒಡೆದು 1,000 ಕಳೆದುಕೊಂಡರೆ ಮುಗಿಯಿತು. ಎಲ್ಲ ಖಾತೆ ಸೇರಿ 30 ಲಕ್ಷ ದಾಟಬಾರದು ಅನ್ನುವುದಷ್ಟೇ ಷರತ್ತು. ಮೊದಲ ವರ್ಷದೊಳಗೇ ಬೇಕಾಗಬಹುದಾದ ದುಡ್ಡನ್ನು ಇಲ್ಲಿಗೆ ತರಲೇಬೇಡಿ.

ಈ ಖಾತೆಯ ಮೇಲೆ ಸಾಲ ಸಿಗುವುದಿಲ್ಲ, ಅಡ ಇಡುವುದಕ್ಕೂ ಬರುವುದಿಲ್ಲ. ಹಲವರು ಇದನ್ನು ದೊಡ್ಡ ಕೊರತೆ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದೇ ಇದರ ದೊಡ್ಡ ಗುಣ. "ಅಪ್ಪಾ, ಎಫ್‌ಡಿ ಮೇಲೆ ಒಂದು ಲೋನ್ ತೆಗೆಯೋಣ, ಆರು ತಿಂಗಳಲ್ಲಿ ಕಟ್ಟಿಬಿಡ್ತೀನಿ" ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಮಗನಿಗೆ ಇಲ್ಲ ಎನ್ನುವ ಕೆಲಸವನ್ನು ನಿಯಮವೇ ಮಾಡುತ್ತದೆ. ಜಂಟಿ ಖಾತೆಗೂ ಗಂಡ ಅಥವಾ ಹೆಂಡತಿ ಮಾತ್ರ ಸೇರಬಹುದು, ಮಕ್ಕಳ ಹೆಸರು ಸೇರುವುದಿಲ್ಲ. ಯಾವ ಮಗನ ಹೆಸರು ಹಾಕಬೇಕು, ಮಗಳ ಹೆಸರು ಯಾಕೆ ಬಿಟ್ಟಿರಿ ಅನ್ನುವ ಪಂಚಾಯಿತಿ ನಾಮಿನಿ ಅಂಕಣಕ್ಕೆ ಸೀಮಿತ. ಅಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಬರೆಯಬಹುದು. ವಿಲ್ ಬರೆದಿದ್ದರೆ ಅದರಲ್ಲಿರುವ ಹೆಸರು ಮತ್ತು ಪಾಲು ಇಲ್ಲಿಗೂ ಹೊಂದಬೇಕು, ಇಲ್ಲದಿದ್ದರೆ ಮುಂದೆ ಮಕ್ಕಳು ಕೋರ್ಟು ಹತ್ತುತ್ತಾರೆ.

ಗಂಡ ಹೆಂಡತಿ ಇಬ್ಬರೂ ಹಿರಿಯ ನಾಗರಿಕರಾದರೆ ಒಬ್ಬೊಬ್ಬರಿಗೆ 30 ಲಕ್ಷದಂತೆ 60 ಲಕ್ಷ ಇಡಬಹುದು. ಇದರಲ್ಲಿ ಒಂದು ತೊಡಕಿದೆ. ಖಾತೆದಾರ ತೀರಿಕೊಂಡರೆ, ಜಂಟಿಯಾಗಿದ್ದ ಅಥವಾ ಒಬ್ಬರೇ ನಾಮಿನಿಯಾಗಿದ್ದ ಸಂಗಾತಿ ಆ ಖಾತೆಯನ್ನು ಅದೇ ಬಡ್ಡಿಗೆ ಮುಂದುವರಿಸಬಹುದು. ಆದರೆ ಸಂಗಾತಿಗೆ ಈಗಾಗಲೇ ತನ್ನದೇ ಖಾತೆ ಇದ್ದರೆ ಮುಂದುವರಿಸಲಾಗದು, ಮುಚ್ಚಲೇಬೇಕು. ತೀರಿಕೊಂಡ ದಿನದಿಂದ ಆ ಹಣಕ್ಕೆ ಉಳಿತಾಯ ಖಾತೆಯ ಶೇ. 4 ಮಾತ್ರ. ವರ್ಷದ ಮಾಸಿಕ ಕಳೆಯಲಿ ಎಂದು ಕಾಯುವುದು ನಮ್ಮಲ್ಲಿ ಸಾಮಾನ್ಯ. 20 ಲಕ್ಷದ ಖಾತೆಯನ್ನು ಹಾಗೆ ಒಂದು ವರ್ಷ ಬಿಟ್ಟರೆ 84,000 ರೂಪಾಯಿ ಬಡ್ಡಿ ಖೋತಾ.

ಈಗ ಆ ಕಳೆದ ಅಂಕಕ್ಕೆ ಬರೋಣ. ಬಡ್ಡಿ ಅಸಲಿಗೆ ಸೇರುವುದಿಲ್ಲ, ತೆಗೆಯದೆ ಬಿಟ್ಟ ಬಡ್ಡಿಗೆ ಈ ಯೋಜನೆಯಲ್ಲಿ ಬಡ್ಡಿಯೂ ಇಲ್ಲ. ಐದನೇ ವರ್ಷವೂ ಬರುವುದು ಅದೇ 20,500. ಬೆಲೆ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು, ದಿನಕ್ಕೆ ಒಂದು ಲೀಟರ್ ಕೊಳ್ಳುವ ಮನೆಗೆ ವರ್ಷಕ್ಕೆ 1,460 ಹೆಚ್ಚು. ಹಾಗಾಗಿ ಬಂದ ಬಡ್ಡಿಯಲ್ಲಿ ಸಾಧ್ಯವಾದಷ್ಟನ್ನು, ಹತ್ತರಲ್ಲಿ ಒಂದು ಪಾಲನ್ನಾದರೂ, ಅಂಚೆಯ ಆರ್‌ಡಿಗೆ ತಿರುಗಿಸಿ.

ತೆರಿಗೆಯೂ ಇದೆ. ಬಡ್ಡಿ ಪೂರ್ತಿ ತೆರಿಗೆಗೆ ಒಳಪಟ್ಟದ್ದು. 2025ರ ಏಪ್ರಿಲ್‌ನಿಂದ ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಕೊಡುವ ಮೊದಲೇ ಶೇ. 10 ತೆರಿಗೆ (ಟಿಡಿಎಸ್) ಮುರಿಯುತ್ತಾರೆ. ಶೇ. 8.2ರ ದರದಲ್ಲಿ ಠೇವಣಿ 12 ಲಕ್ಷ 20 ಸಾವಿರಕ್ಕೆ ಬಂದರೆ ಆ ಗೆರೆ ದಾಟಿದಂತೆ. ತೆರಿಗೆಯೇ ಬಾರದ ಆದಾಯದವರು, ತೆರಿಗೆ ಮುರಿಯಬೇಡಿ ಎಂದು ಕೇಳುವ, ಜನ 15ಎಚ್ ಎಂದು ಕರೆಯುವ ಘೋಷಣೆಯನ್ನು ಪ್ರತಿ ಏಪ್ರಿಲ್ ಮೊದಲ ವಾರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಕಳೆದ ವರ್ಷ ಕೊಟ್ಟದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ಮರೆತರೆ ಹಣ ಮುಳುಗುವುದಿಲ್ಲ, ಆದರೆ ವಾಪಸ್ ಪಡೆಯಲು ರಿಟರ್ನ್ ಹಾಕಬೇಕು, ಆಡಿಟರಿಗೆ ಫೀಸು ಕೊಡಬೇಕು.

ಕೌಂಟರಿಗೆ ಹೋಗುವ ಮೊದಲು ಆಧಾರ್ ಮತ್ತು ಪ್ಯಾನ್ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರೂ ಊರೂ ಪೂರ್ತಿಯಾಗಿ ಇರುವುದು ನಮ್ಮ ಕಡೆ ಮಾಮೂಲು, ಅರ್ಜಿ ವಾಪಸ್ಸಾಗುವುದಕ್ಕೆ ಅಷ್ಟೇ ಸಾಕು. ಎರಡು ಫೋಟೋ, ಎರಡರ ನಕಲು, ಚೆಕ್ ಬೇಕು. 1 ಲಕ್ಷ ಮೀರಿದ ಮೊತ್ತಕ್ಕೆ ನಗದು ತೆಗೆದುಕೊಳ್ಳುವುದಿಲ್ಲ. ಅಂಚೆ ಉಳಿತಾಯ ಖಾತೆ ಇಲ್ಲದಿದ್ದರೆ ಅದೇ ದಿನ 500 ರೂಪಾಯಿ ಕೊಟ್ಟು ತೆರೆಯಿರಿ, ಬಡ್ಡಿ ಅದಕ್ಕೆ ಜಮಾ ಆಗಲೆಂದು ಬರೆದುಕೊಡಿ. 2022ರ ಏಪ್ರಿಲ್‌ನಿಂದ ಬಡ್ಡಿಯನ್ನು ಕೈಗೆ ನಗದಾಗಿ ಕೊಡುವುದಿಲ್ಲ, ಉಳಿತಾಯ ಖಾತೆಗೋ ಬ್ಯಾಂಕ್ ಖಾತೆಗೋ ಹೋಗಬೇಕು. ಖಾತೆ ಜೋಡಿಸದೆ ಬಿಟ್ಟರೆ ಬಡ್ಡಿ ಕಚೇರಿಯಲ್ಲೇ ಕೂರುತ್ತದೆ. ಜೋಡಣೆ ಆಯಿತೇ ಎಂದು ಮೊದಲ ಕಂತು ಬಂದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಖಚಿತಪಡಿಸಿಕೊಳ್ಳಿ. ಆ ಉಳಿತಾಯ ಖಾತೆಯಲ್ಲಿ ಮಾರ್ಚ್ 31ಕ್ಕೆ 500ಕ್ಕಿಂತ ಕಡಿಮೆ ಇದ್ದರೆ 50 ರೂಪಾಯಿ ಕತ್ತರಿಸುತ್ತಾರೆ.

ಏಪ್ರಿಲ್ 1, ಜುಲೈ 1ರಂಥ ದಿನಗಳಲ್ಲಿ ಕೌಂಟರಿನತ್ತ ಹೋಗದಿರುವುದು ಮೇಲು. ನಾಲ್ಕೈದು ದಿನ ಬಿಟ್ಟು ಹೋದರೆ ಕೂತು ಮಾತಾಡಬಹುದು. ಕೈ ನಡುಗಲು ಶುರುವಾದವರು ಸಹಿ ತೀರಾ ಕೆಡುವ ಮೊದಲೇ ಹೊಸ ಮಾದರಿ ಸಹಿ ಕೊಟ್ಟಿರಬೇಕು. ಹಣ ತೆಗೆಯುವ ದಿನ ಸಹಿ ಹೊಂದದಿದ್ದರೆ ಸಿಬ್ಬಂದಿ ಮನುಷ್ಯತ್ವದಿಂದ ಏನೂ ಮಾಡಲಾರರು. ಹಾಸಿಗೆ ಹಿಡಿದವರ ಪರವಾಗಿ ಬೇರೊಬ್ಬರು ಹೋಗಲು ಎಸ್‌ಬಿ-12 ಎಂಬ ಅಧಿಕಾರ ಪತ್ರವಿದೆ. ಅದರ ಜೊತೆ ಪಾಸ್‌ಬುಕ್ ಮತ್ತು ಇಬ್ಬರ ಗುರುತಿನ ಚೀಟಿ ಒಯ್ಯಬೇಕು.

ಹೆಚ್ಚು ಬಡ್ಡಿಗೆ ಆಸೆಪಟ್ಟು ಸೊಸೈಟಿಗೆ ಹಾಕುವವರಿಗೆ ಒಂದು ಮಾತು. ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಆರಂಭದಲ್ಲಿ ಸಿಕ್ಕಿದ್ದು ತಲಾ 35,000. ಅವರಲ್ಲಿ ನಿವೃತ್ತರೇ ಬಹಳ. ಬ್ಯಾಂಕ್ ಠೇವಣಿಗೆ ವಿಮೆ ಇರುವುದು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಇಲ್ಲಿ 30 ಲಕ್ಷಕ್ಕೂ ಕೇಂದ್ರ ಸರ್ಕಾರವೇ ಹೊಣೆ.

ಐದು ವರ್ಷ ಮುಗಿದಾಗ ಎರಡು ದಾರಿಗಳಿವೆ. ಮೂರು ವರ್ಷಕ್ಕೆ ವಿಸ್ತರಿಸಬಹುದು, 2023ರ ನವೆಂಬರ್‌ನಿಂದ ಎಷ್ಟು ಸಲ ಬೇಕಾದರೂ. ಇಲ್ಲವೇ ಮುಚ್ಚಿ ಹೊಸದಾಗಿ ಐದು ವರ್ಷಕ್ಕೆ ಇಡಬಹುದು. ವಿಸ್ತರಿಸಿದರೆ ಅವಧಿ ಮುಗಿದ ದಿನದ ದರ ಸಿಗುತ್ತದೆ, ಒಂದು ವರ್ಷ ಕಳೆದ ಮೇಲೆ ಯಾವಾಗ ಮುಚ್ಚಿದರೂ ಕಡಿತವಿಲ್ಲ. ಆರೋಗ್ಯ ಏರುಪೇರಾಗುತ್ತಿರುವವರಿಗೆ, ಎಪ್ಪತ್ತೈದು ದಾಟಿದವರಿಗೆ ಇದೇ ಸರಿ. ದರ ಇಳಿಯುವ ಸೂಚನೆ ಇದ್ದು ಆರೋಗ್ಯ ಗಟ್ಟಿಯಿದ್ದರೆ ಹೊಸ ಖಾತೆಯೇ ಲಾಭ, ಐದು ವರ್ಷ ದರ ಕೈಲಿರುತ್ತದೆ. ವಿಸ್ತರಣೆಗೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಏನೂ ಮಾಡದೆ ಬಿಟ್ಟರೆ ಮತ್ತೆ ಅದೇ ಶೇ. 4. ಅವಧಿ ಮುಗಿದು ಮೂರು ವರ್ಷವಾದರೂ ಮುಟ್ಟದ ಖಾತೆಗಳನ್ನು ಅಂಚೆ ಇಲಾಖೆ ಈಗ ವರ್ಷಕ್ಕೆರಡು ಸಲ ಸ್ಥಗಿತಗೊಳಿಸುತ್ತದೆ, ಬಿಡಿಸಿಕೊಳ್ಳಲು ಮತ್ತೆ ಗುರುತಿನ ದಾಖಲೆ, ಅರ್ಜಿ, ಓಡಾಟ. ಪಾಸ್‌ಬುಕ್ಕಿನ ರಟ್ಟಿನ ಮೇಲೆ ಅವಧಿ ಮುಗಿಯುವ ದಿನಾಂಕವನ್ನು ದಪ್ಪಗೆ ಬರೆದಿಡಿ, ಅದನ್ನು ಎಲ್ಲಿಟ್ಟಿದ್ದೀರಿ ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.