ಜಗುಲಿಗೆ ಬಂದ ಮತಪೆಟ್ಟಿಗೆ: ಕುಮಟಾದಲ್ಲಿ ಮನೆಯಿಂದಲೇ ಮತದಾನದ ಅನುಭವ

2023ರ ವಿಧಾನಸಭಾ ಚುನಾವಣೆಯಲ್ಲಿ ಕುಮಟಾ ಕ್ಷೇತ್ರ ತೀರ್ಮಾನವಾದದ್ದು ಬರೀ 676 ಮತಗಳಿಂದ. ಬಿಜೆಪಿಯ ದಿನಕರ ಶೆಟ್ಟಿ ಗೆದ್ದರು, ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಸೋತರು. ಆ ಎಣಿಕೆಯಲ್ಲಿ ನನ್ನ ಆಯಿಯ ಮತವೂ ಸೇರಿತ್ತು. 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಆ ವರ್ಷ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ಮನೆಯಿಂದ ಮತಗಟ್ಟೆಗೆ ಹೋಗಬೇಕೆಂದರೆ ತೋಟ ಇಳಿದು, ಕಾಲುಸಂಕ ದಾಟಿ, ಮತ್ತೆ ದಿಬ್ಬ ಹತ್ತಬೇಕು. ಮೇ ತಿಂಗಳ ಸೆಕೆಯಲ್ಲಿ ಮಂಡಿನೋವಿನ ಆಯಿಗೆ ಅದು ಆಗದ ಮಾತು.

ಮನೆಮತದಾನ ಕೋರುವ ನಮೂನೆ 12ಡಿ ಅರ್ಜಿಯನ್ನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ತಂದುಕೊಟ್ಟು ತುಂಬಿಸಿಕೊಂಡು ಹೋದರು. ಒಮ್ಮೆ ಇದನ್ನು ಕೊಟ್ಟರೆ ಮತ್ತೆ ಮತಗಟ್ಟೆಯಲ್ಲಿ ಮತ ಹಾಕಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ಬರುತ್ತೇವೆ ಎಂದಿದ್ದ ತಂಡ ಬಂದಾಗ ಊಟದ ಹೊತ್ತು ಮೀರಿತ್ತು. ವಯಸ್ಸಾದವರನ್ನು ಹಾಗೆ ಕಾಯಿಸಬಾರದು. ಹೊರಡುವಾಗ ಒಂದು ಫೋನ್ ಮಾಡಿದ್ದರೂ ಸಾಕಿತ್ತು.

ಬಂದ ಮೇಲೆ ಅವರು ಮಾಡಿದ ಕೆಲಸಕ್ಕೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೊಗ್ರಾಫರ್. ಜಗುಲಿಯ ಮೇಜಿನ ಮೇಲೆ ರಟ್ಟಿನ ಮರೆ ನಿಂತಿತು. ಕ್ಯಾಮೆರಾ ಹಿಡಿದ ಹುಡುಗ ಆಯಿಯ ಬೆನ್ನ ಹಿಂದೆ ಬಂದಾಗ ಅಧಿಕಾರಿ ತಕ್ಷಣ ಅವನನ್ನು ಅಂಗಳಕ್ಕೆ ಕಳಿಸಿದರು. ನನ್ನನ್ನೂ ಒಳಮನೆಗೆ ಹೋಗಲು ಹೇಳಿದರು. ಇಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಅದು ಒಳಲಕೋಟೆಗೆ, ಸಹಿ ಮಾಡಿದ ಘೋಷಣಾ ಪತ್ರದ ಜೊತೆ ಆ ಲಕೋಟೆ ದೊಡ್ಡ ಲಕೋಟೆಗೆ. ಆಯಿಯ ಕೈ ನಡುಗುತ್ತದೆ. ಹೆಬ್ಬೆಟ್ಟು ಒತ್ತಿ ಎಂದು ಯಾರೂ ಅವಸರ ಮಾಡಲಿಲ್ಲ. "ನಿಧಾನ ಬರೆಯಿರಿ ಅಮ್ಮಾ" ಎಂದು ಸಹಿ ಮುಗಿಯುವ ತನಕ ಕಾದರು. ಬಳಿಕ ಮತಪತ್ರದ ಕ್ರಮಸಂಖ್ಯೆ ಘೋಷಣೆಯಲ್ಲೂ ಲಕೋಟೆಯ ಮೇಲೂ ಒಂದೇ ಇದೆಯೇ ಎಂದು ಎರಡು ಸಲ ತಾಳೆ ನೋಡಿದರು.

ಈ ತಾಳೆಗೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. ಘೋಷಣೆಯಲ್ಲಿ ಸಹಿ ಇಲ್ಲದಿದ್ದರೆ, ಸಂಖ್ಯೆ ಹೊಂದದಿದ್ದರೆ, ಎಣಿಕೆಯ ದಿನ ಒಳಲಕೋಟೆಯನ್ನು ಒಡೆಯುವುದೇ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗವರ್ನರ್ ಜನರಿಂದಲೇ ಆಯ್ಕೆಯಾಗುವ ರಾಜ್ಯದ ಮುಖ್ಯಸ್ಥ. 2004ರ ಗವರ್ನರ್ ಚುನಾವಣೆಯಲ್ಲಿ ಅಲ್ಲಿ 28 ಲಕ್ಷ ಮತಗಳ ನಡುವೆ ಮೊದಲ ಎಣಿಕೆಯಲ್ಲಿ ಡಿನೋ ರೊಸ್ಸಿ 261 ಮತಗಳಿಂದ ಮುಂದಿದ್ದರು. ಯಂತ್ರದ ಮರುಎಣಿಕೆಯಲ್ಲಿ ಅದು 42ಕ್ಕೆ ಇಳಿಯಿತು. ತಾಳೆ ನೋಡಲು ಮತದಾರರ ಸಹಿಯ ಪ್ರತಿ ಕಂಪ್ಯೂಟರಿನಲ್ಲಿ ಸಿಗಲಿಲ್ಲವೆಂದು ಆ ರಾಜ್ಯದ ಕಿಂಗ್ ಕೌಂಟಿಯಲ್ಲಿ (ಜಿಲ್ಲೆಯಂಥ ವಿಭಾಗ) ಐನೂರಕ್ಕೂ ಹೆಚ್ಚು ಅಂಚೆ ಮತಗಳನ್ನು ತಪ್ಪಾಗಿ ಬದಿಗಿಟ್ಟದ್ದು ಆಮೇಲೆ ಬೆಳಕಿಗೆ ಬಂತು. ಅವನ್ನು ಪರಿಗಣಿಸಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಕೈಯಿಂದ ಎಣಿಸಿ ಮುಗಿಸಿದಾಗ ಕ್ರಿಸ್ಟೀನ್ ಗ್ರೆಗೊಯರ್ 129 ಮತಗಳಿಂದ ಗೆದ್ದಿದ್ದರು. ಒಂದು ಸಹಿಯನ್ನು ಸರಿಯಾಗಿ ನೋಡುವ ಗುಮಾಸ್ತನ ಕೈಯಲ್ಲಿ ಎಷ್ಟೊಂದು ಇರುತ್ತದೆ!

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ವಯಸ್ಸಿನ ಮಿತಿ 85ಕ್ಕೆ ಏರಿ, ಆಯಿ ಈ ಸೌಲಭ್ಯದಿಂದ ಹೊರಗುಳಿದಳು. ಇದು ನನಗೆ ಒಪ್ಪಿಗೆಯಿಲ್ಲ. ಘಟ್ಟದ ಬುಡದ ಊರುಗಳಲ್ಲಿ 80 ದಾಟಿದವರು ಸಂಕ ದಾಟುವುದು ಹೇಗೆಂದು ನಿಯಮ ಮಾಡುವವರು ಬಂದು ನೋಡಬೇಕು.

ನಿಮ್ಮ ಮನೆಯಲ್ಲಿ 85 ದಾಟಿದವರಿದ್ದರೆ ಬಿಡದೆ ಈ ಸೇವೆ ಬಳಸಿ. ಅಧಿಸೂಚನೆ ಹೊರಟ ಐದು ದಿನದೊಳಗೆ ಅರ್ಜಿ ತಲುಪಬೇಕು. ಕುರ್ಚಿಗೆ ಹೊಂದುವ ಎತ್ತರದ ಮೇಜು ಸಿದ್ಧವಾಗಿರಲಿ, ಗುರುತಿನ ಚೀಟಿ ಕೈಗೆ ಸಿಗುವಂತಿರಲಿ, ಲಕೋಟೆ ಅಂಟಿಸುವ ಮೊದಲು ಸಹಿ ಮತ್ತು ಕ್ರಮಸಂಖ್ಯೆ ನೋಡಿ ಎಂದು ಹಿರಿಯರಿಗೆ ಮೊದಲೇ ಹೇಳಿಡಿ.