ಮಂಜಿನಂಥ ಲೂಪಿಗೆ ತಿಶ್ರದ ಹೆಜ್ಜೆ: ಮೂರು ಪೆಡಲ್, ಒಂದು ಮಳೆಗಾಲ

ಕಕ್ಕಡ ತಿಂಗಳಲ್ಲಿ ಮಡಿಕೇರಿಯ ಮಳೆ ಮನೆಯಿಂದ ಹೊರಡಲು ಬಿಡುವುದಿಲ್ಲ. ಹಾಗೆ ಕೂತವನು ಗಿಟಾರಿಗೆ ಧಾರಾಳವಾಗಿ ರಿವರ್ಬ್, ಅಂದರೆ ಸ್ವರದ ಹಿಂದೆ ಉಳಿಯುವ ಗುಂಗಿನ ಬಾಲ, ಕೊಟ್ಟು, ನುಡಿಸಿದ್ದನ್ನು ಹಿಡಿದು ಸುತ್ತಿ ಸುತ್ತಿ ಕೇಳಿಸುವ ಬಾಸ್ (Boss) ಕಂಪನಿಯ ಆರ್‌ಸಿ-1 ಲೂಪರ್ ಪೆಡಲಿನಲ್ಲಿ ಉದ್ದುದ್ದ ಸ್ವರಗಳನ್ನು ಒಂದರ ಮೇಲೊಂದು ಪೇರಿಸಿದ್ದೆ. ದುಡಿ ಬಾರಿಸುವ ಗೆಳೆಯ ಕೇಳಿ ಅಂದ: "ಎಲ್ಲಾ ಸರಿ ಮಾರಾಯ, ಇದಕ್ಕೆ ಕಾಲು ಎಲ್ಲಿ ಹಾಕೋದು?"

ಅಲ್ಲಿಂದ ಶುರುವಾಯಿತು ಈ ಪರೀಕ್ಷೆ: ಲೂಪಿಗೆ ತಾಳ ಕೊಡುವ ಪೆಡಲ್ ಮೂರರಲ್ಲಿ ಯಾವುದು? ವಾಲಗಕ್ಕೆ ಕುಣಿದು ಬೆಳೆದವರ ಕಾಲಿಗೆ ತಿಶ್ರವೇ, ಅಂದರೆ ಮೂರರ ನಡೆಯೇ, ಹಿತ. ಇಯರ್‌ಫೋನಿನಲ್ಲಿ ಮೆಟ್ರೊನೋಮ್ ಹಾಕಿಕೊಂಡು ನಿಮಿಷಕ್ಕೆ 80 ಬಡಿತ ಹಿಡಿದೆ. 12 ಬಡಿತಕ್ಕೆ ಲೂಪಿನ ಉದ್ದ 9 ಸೆಕೆಂಡ್. ಬಡಿತವನ್ನು ಮೂರಾಗಿ ಒಡೆದರೆ ಒಂದೊಂದು ತುಂಡು 250 ಮಿಲಿಸೆಕೆಂಡ್.

ಮೊದಲು ಟ್ರೆಮೊಲೊ, ಬಾಸ್ ಟಿಆರ್-2. ರೇಟ್, ವೇವ್, ಡೆಪ್ತ್ ಅಂತ ಮೂರೇ ತಿರುಗಣೆ. ಸದ್ದನ್ನು ಏರಿಸಿ ಇಳಿಸುವುದಷ್ಟೇ ಅದರ ಕೆಲಸ. ವೇವನ್ನು ಚೌಕದ ಕಡೆ ತಿರುಗಿಸಿ, ಸೆಕೆಂಡಿಗೆ ನಾಲ್ಕು ಸಲ ಮಿಡಿಯುವ ಹಾಗೆ ಕಿವಿಯಲ್ಲೇ ಹೊಂದಿಸಿದೆ. ಮಿಡಿಯಿತು, ಆದರೆ ತಾಳವಾಗಲಿಲ್ಲ. ಎಲ್ಲ ಮಿಡಿತವೂ ಒಂದೇ ತೂಕ. ಯಾವುದು ಮೊದಲನೆಯದು ಎಂದು ಹೇಗೆ ತಿಳಿಯಬೇಕು?

(ಮೊದಲ ಎರಡು ಸಂಜೆ ಬರೀ ಕರಕರ. ಪೆಡಲನ್ನೇ ಬೈದೆ. ಆಮೇಲೆ ನೋಡಿದರೆ ಕೇಬಲ್ಲಿನ ಜ್ಯಾಕಿಗೆ ಮಳೆಗಾಲದ ಕಿಲುಬು. ಒಣ ಬಟ್ಟೆಯಲ್ಲಿ ಉಜ್ಜಿದ ಮೇಲೆ ಸರಿಹೋಯಿತು.)

ಎರಡನೆಯದು ಡಿಲೇ, ನುಡಿಸಿದ್ದನ್ನು ಪ್ರತಿಧ್ವನಿಯಾಗಿ ಮರಳಿಸುವ ಪೆಡಲ್. ಅದರ ಮೇಲೆ ಬಹಳ ಆಸೆ ಇಟ್ಟಿದ್ದೆ. ಬಾಸ್ ಡಿಡಿ-8ರಲ್ಲಿ 500 ಮಿಲಿಸೆಕೆಂಡ್ ಇಟ್ಟರೆ, 750 ಮಿಲಿಸೆಕೆಂಡಿನ ನಮ್ಮ ಬಡಿತದ ಮೇಲೆ ಎರಡಕ್ಕೆ ಮೂರರ ಜಗ್ಗಾಟ ಹುಟ್ಟಬೇಕು. 9 ಸೆಕೆಂಡಿನಲ್ಲಿ ಸರಿಯಾಗಿ 18 ಪ್ರತಿಧ್ವನಿ. ಲೆಕ್ಕ ಸರಿ, ಸದ್ದು ರಾಡಿ. ಮೊನೆಯೇ ಇಲ್ಲದ ಸ್ವರ ಮರಳಿ ಬಂದರೂ ಮಂಜಿನ ಮೇಲೆ ಮಂಜು ಬಿದ್ದಂತೆ. ಅಂಗೈ ಒತ್ತಿ ತಂತಿಯನ್ನು ಟಕ್ ಎನ್ನಿಸಿ ಒಂದು ಹೊಸ ಪದರ ಸೇರಿಸಿದ ಮೇಲೆ ಮಾತ್ರ ಡಿಲೇ ತನ್ನ ಚಮತ್ಕಾರ ತೋರಿಸಿತು.

ಮೂರನೆಯದು ಸ್ಲೈಸರ್, ಸದ್ದನ್ನು ತುಂಡುತುಂಡಾಗಿ ಕತ್ತರಿಸುವ ಪೆಡಲ್. 2022ರಲ್ಲಿ ಬಂದ ಬಾಸ್ ಎಸ್‌ಎಲ್-2ರಲ್ಲಿ 88 ಪ್ಯಾಟರ್ನ್ ಇವೆ. ಟ್ರೆಮೊಲೊದಲ್ಲಿ ಇಲ್ಲದ್ದು ಇಲ್ಲಿದೆ: ಎಲ್ಲಿ ಒತ್ತು, ಎಲ್ಲಿ ಮೌನ ಎಂಬ ವಿನ್ಯಾಸ. ಆದರೆ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಲೂಪರ್ ಆದ ಮೇಲೆ ಇಟ್ಟಾಗ ಲೂಪಿನ ಗಡಿಯಾರವೇ ಬೇರೆ, ಸ್ಲೈಸರಿನದೇ ಬೇರೆ. ಲೂಪನ್ನು ಮುಗಿಸುವಾಗ ನನ್ನ ಕಾಲು ಪೆಡಲನ್ನು ಒಂದಿಷ್ಟು ತಡವಾಗಿ ಒತ್ತಿತ್ತು. ಐದಾರು ಸುತ್ತಿನಲ್ಲೇ ಎರಡೂ ದಾರಿ ಬೇರೆಯಾದವು. ಗಿಟಾರಿಗೂ ಲೂಪರಿಗೂ ನಡುವೆ ಇಟ್ಟೆ: ಲಯ ಲೂಪಿನೊಳಗೇ ಅಚ್ಚಾಗಿ ಕೂತಿತು. ಆಮೇಲೆ ತಿದ್ದುವಂತಿಲ್ಲ, ಆ ಬೆಲೆ ಒಪ್ಪಿಕೊಳ್ಳಲೇಬೇಕು.

ರಿವರ್ಬಿನ ಜಾಗವೂ ಮುಖ್ಯ. ಅದು ಸ್ಲೈಸರಿಗಿಂತ ಮೊದಲಿದ್ದರೆ ಸ್ವರದ ಬಾಲವೂ ಸೇರಿ ಕತ್ತರಿಸಿ ಬೀಳುತ್ತದೆ, ಚುರುಕು. ಆಮೇಲೆ ಇದ್ದರೆ ಕತ್ತರಿಸಿದ ಬಿರುಕುಗಳನ್ನೆಲ್ಲ ಅದೇ ತುಂಬಿಬಿಡುತ್ತದೆ, ದುಡ್ಡು ದಂಡ.

ನನ್ನ ಮತ ಸ್ಲೈಸರಿಗೆ, ಜೊತೆಗೆ ಒಂದೇ ಒಂದು ಪದರಕ್ಕೆ ಡಿಲೇ. ಗೆಳೆಯ ಎರಡನೇ ಸುತ್ತಿಗೇ ದುಡಿ ಎತ್ತಿಕೊಂಡ. ನಾನು ಮೊದಲು ಆರಿಸಿದ್ದು ನಾಲ್ಕರ ನಡೆಯ ಪ್ಯಾಟರ್ನ್. ಅವನು ಮುಖ ಸಿಂಡರಿಸಿದ್ದಕ್ಕೆ ಬದಲಾಯಿಸಿದೆ. ಟ್ರೆಮೊಲೊವನ್ನು ಮಾರಿಲ್ಲ. ವೇವನ್ನು ತ್ರಿಕೋನಕ್ಕೆ ತಿರುಗಿಸಿ, ರಾತ್ರಿ ಹಂಚಿನ ಮೇಲೆ ಮಳೆ ಬೀಳುವಾಗ ಒಬ್ಬನೇ ನುಡಿಸುತ್ತೇನೆ. ಆಗ ಕಾಲು ಹಾಕುವವರು ಯಾರೂ ಇರುವುದಿಲ್ಲ.